ರಾಮ ಕೃಷ್ಣ ಎನ್ನುವ ವಯಸ್ಸಿಗೆ ಕಿವಿ

ಮಲ್ಲಿಕಾರ್ಜುನಗಿರಿ ಎಂಬ ಹೆಸರು ಜನರ ಬಾಯಲ್ಲಿ ಸವೆದು ಸವೆದು ಮಲ್ಕಾಜ್‌ಗಿರಿ ಆಯಿತು ಎಂಬ ಮಾತು ಹೈದರಾಬಾದಿನಲ್ಲಿದೆ. ಎಪ್ಪತ್ತು ದಾಟಿ ಕಿವಿ ಮಂದವಾದವರಿಗೆ ಮನೆಯ ಪ್ರತಿ ಮಾತೂ ಹೀಗೇ ಕೇಳಿಸುತ್ತದೆ: ಅಂಚು ಸವೆದು, ನಡುವಿನ ಅಕ್ಷರಗಳು ಉದುರಿ. ಉಳಿದದ್ದನ್ನು ಮನಸ್ಸು ಊಹಿಸಿಕೊಳ್ಳಬೇಕು. ಊಹೆ ತಪ್ಪಿದರೆ ಮನೆಯವರಿಗೆ ನಗು. ನಾಲ್ಕು ಸಲ ನಗಿಸಿಕೊಂಡ ಮೇಲೆ ಹಿರಿಯರು ಮಾತಿಗೆ ಕೂರುವುದನ್ನೇ ಬಿಡುತ್ತಾರೆ.

ಮಲ್ಕಾಜ್‌ಗಿರಿ, ಅದರ ಪಕ್ಕದ ನೇರೇಡ್‌ಮೆಟ್, ಮೌಲಾಲಿ ಎಲ್ಲವೂ ರೈಲ್ವೆಯಿಂದ, ಸೈನ್ಯದಿಂದ, ಕಾರ್ಖಾನೆಗಳಿಂದ ನಿವೃತ್ತರಾದವರು ಮನೆ ಕಟ್ಟಿಕೊಂಡ ಜಾಗಗಳು. ಎಂಜಿನ್ನಿನ ಬಳಿ, ಯಂತ್ರದ ಬಳಿ ದಶಕಗಟ್ಟಲೆ ನಿಂತ ಕಿವಿಗೆ ವಯಸ್ಸಿನ ಸವೆತದ ಜೊತೆ ಸದ್ದಿನ ಪೆಟ್ಟೂ ಸೇರಿರುತ್ತದೆ. ಮೊದಲು ಶ್ರವಣ ಸಾಧನ ಬರುತ್ತದೆ. ಅದೂ ಸಾಲದಾದಾಗ ವೈದ್ಯರು ಕಾಕ್ಲಿಯರ್ ಇಂಪ್ಲಾಂಟ್ ಎನ್ನುತ್ತಾರೆ. ಆಗ ಇಂಥ ಮನೆಗಳಲ್ಲಿ ಏಳುವ ಮಾತು ಒಂದೇ: ‘ಈ ವಯಸ್ಸಿಗೆ ಅದೆಲ್ಲ ಯಾಕೆ? ರಾಮ ಕೃಷ್ಣ ಅಂತ ಕೂರುವ ಕಾಲ.’ ಎಷ್ಟೋ ಸಲ ಇದನ್ನು ಹೇಳುವವರು ಮಕ್ಕಳಲ್ಲ, ಕಿವಿ ಕೇಳದ ಹಿರಿಯರೇ.

ಈ ಮಾತಿನ ಹಿಂದೆ ಲಕ್ಷಗಟ್ಟಲೆ ಖರ್ಚಿನ ಲೆಕ್ಕವಿದೆ, ನಿಜ. ಆದರೆ ಒಂದು ತತ್ತ್ವವೂ ಇದೆ, ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಇಂದ್ರಿಯಗಳು ಒಂದೊಂದಾಗಿ ಹಿಂದೆ ಸರಿಯುವುದೇ ಮುಪ್ಪಿನ ದಾರಿ, ಲೋಕದ ಗದ್ದಲ ಕಡಿಮೆಯಾದರೆ ಒಳ್ಳೆಯದೇ ಅಲ್ಲವೇ ಎಂಬ ತತ್ತ್ವ. ಆಮೆ ತನ್ನ ಅಂಗಗಳನ್ನು ಒಳಕ್ಕೆ ಎಳೆದುಕೊಳ್ಳುವ ಗೀತೆಯ ಚಿತ್ರವೂ ಇದಕ್ಕೆ ಬೆಂಬಲವಾಗಿ ಬರುತ್ತದೆ.

ಆದರೆ ಎರಡನೆಯ ಅಧ್ಯಾಯದಲ್ಲಿ ಆ ಶ್ಲೋಕದ ಬೆನ್ನಿಗೇ ಇರುವ ಶ್ಲೋಕವನ್ನು ಯಾರೂ ನೆನೆಯುವುದಿಲ್ಲ. ಉಣ್ಣದವನಿಂದ ವಿಷಯಗಳು ದೂರವಾಗಬಹುದು, ರುಚಿಯ ಆಸೆ ಮಾತ್ರ ಉಳಿದೇ ಇರುತ್ತದೆ ಎಂಬುದು ಅದರ ಅಭಿಪ್ರಾಯ. ಕಿವುಡಿಗೆ ಇದಕ್ಕಿಂತ ಹತ್ತಿರದ ವ್ಯಾಖ್ಯಾನ ಬೇಕಿಲ್ಲ. ಆಮೆ ಕಾಲನ್ನು ತಾನೇ ಎಳೆದುಕೊಳ್ಳುತ್ತದೆ, ಬೇಕೆಂದಾಗ ಹೊರಕ್ಕೂ ಚಾಚುತ್ತದೆ. ಕಾಲು ಕಳೆದುಕೊಂಡ ಆಮೆಯನ್ನು ಯಾರೂ ಸ್ಥಿತಪ್ರಜ್ಞ ಎನ್ನುವುದಿಲ್ಲ. ಮೊಮ್ಮಗಳು ಫೋನಿನಲ್ಲಿ ಏನೋ ಹೇಳಿ ನಕ್ಕಾಗ ‘ಏನಂದಳು?’ ಎಂದು ಸುತ್ತಲಿನವರ ಮುಖ ನೋಡುವವರಿಗೆ ಸದ್ದು ಹೋಗಿದೆ, ಆಸೆ ಹೋಗಿಲ್ಲ. ಇದನ್ನು ವೈರಾಗ್ಯ ಎಂದು ಕರೆಯುವುದು ಮನೆಯವರಿಗೆ ಅನುಕೂಲ, ಅಷ್ಟೇ.

ಇನ್ನೂ ಒಂದು ವಿಚಿತ್ರವಿದೆ. ಕೊನೆಗಾಲಕ್ಕೆ ಕಿವಿ ಬೇಡ ಎನ್ನುವ ನಾವು, ಕೊನೆಗಾಲದ ಸಾಧನೆಯನ್ನೆಲ್ಲ ಕಿವಿಗೇ ಒಪ್ಪಿಸಿದ ಪರಂಪರೆಯವರು. ಉಪನಿಷತ್ತಿನ ಯಾಜ್ಞವಲ್ಕ್ಯ ಮನೆ ಬಿಟ್ಟು ಹೊರಡುವ ಹೊತ್ತಿನಲ್ಲಿ ಪತ್ನಿ ಮೈತ್ರೇಯಿಗೆ ಹೇಳಿದ ಕ್ರಮದಲ್ಲಿ ಮನನ, ನಿದಿಧ್ಯಾಸನಗಳಿಗೆ ಮುಂಚೆ ಬರುವುದು ಶ್ರವಣ. ಸಾವಿಗೆ ಏಳೇ ದಿನ ಉಳಿದಿದ್ದ ಪರೀಕ್ಷಿತ ಆ ಏಳು ದಿನ ಮಾಡಿದ್ದು ಶುಕಮುನಿಯ ಮಾತು ಕೇಳುವ ಕೆಲಸ. ಒಂಬತ್ತು ಬಗೆಯ ಭಕ್ತಿಯಲ್ಲಿ ಮೊದಲನೆಯದು ಕೇಳುವುದು. ಕಾಶಿಯಲ್ಲಿ ಸಾಯುವವರ ಕಿವಿಯಲ್ಲಿ ಶಿವನೇ ತಾರಕಮಂತ್ರ ಹೇಳುತ್ತಾನೆಂಬ ನಂಬಿಕೆ. ಗುರು ಮಂತ್ರ ಕೊಡುವುದೂ ಕಿವಿಯಲ್ಲೇ. ಮೌಲಾಲಿ ಗುಡ್ಡದ ದರ್ಗಾಕ್ಕೆ ನಡೆದುಕೊಳ್ಳುವ ಮನೆಗಳಲ್ಲೂ ಹುಟ್ಟಿದ ಮಗುವಿನ ಕಿವಿಗೆ ಅಜಾನ್, ಕೊನೆಯುಸಿರಿನವರ ಕಿವಿಗೆ ಕಲಿಮಾ. ರಾಮ ಕೃಷ್ಣ ಎನ್ನುವ ವಯಸ್ಸು ಎಂದರೆ ರಾಮ ಕೃಷ್ಣ ಎಂಬುದನ್ನು ಕೇಳಿಸಿಕೊಳ್ಳುವ ವಯಸ್ಸೂ ಹೌದಷ್ಟೆ.

ಎದುರುವಾದವೂ ಉಪನಿಷತ್ತಿನಲ್ಲೇ ಇದೆ. ಛಾಂದೋಗ್ಯದಲ್ಲಿ ಯಾರು ದೊಡ್ಡವರೆಂದು ಇಂದ್ರಿಯಗಳಿಗೆ ಜಗಳ ಹತ್ತುತ್ತದೆ. ತನ್ನ ಸರದಿ ಬಂದಾಗ ಕಿವಿ ಒಂದು ವರ್ಷ ದೇಹ ಬಿಟ್ಟು ಹೋಗಿ, ಮರಳಿ ಬಂದು, ನಾನಿಲ್ಲದೆ ಹೇಗೆ ಬದುಕಿದಿರಿ ಎಂದು ಕೇಳುತ್ತದೆ. ಕಿವುಡರು ಬದುಕುವ ಹಾಗೆ ಎಂಬ ಉತ್ತರ ಸಿಗುತ್ತದೆ. ಉಸಿರಾಡುತ್ತ, ಮಾತಾಡುತ್ತ, ನೋಡುತ್ತ, ಯೋಚಿಸುತ್ತ. ಕಿವುಡನ ಬದುಕೂ ತುಂಬು ಬದುಕೇ ಎಂಬ ಈ ಗೌರವ ದೊಡ್ಡದು. ಹುಟ್ಟಿನಿಂದ ಸನ್ನೆಭಾಷೆಯಲ್ಲೇ ಬೆಳೆದವರು ಇಂಪ್ಲಾಂಟನ್ನು ಪ್ರಶ್ನಿಸಿದ್ದೂ ಇದೇ ನೆಲೆಯಿಂದ. ಆದರೆ ಅರವತ್ತು ವರ್ಷ ಮಾತಿನಲ್ಲೇ ಬಾಳಿ ಆಮೇಲೆ ಅದನ್ನು ಕಳೆದುಕೊಂಡವರಿಗೆ ಸನ್ನೆಯ ಸಮುದಾಯವೂ ಇಲ್ಲ, ಮಾತಿನ ಮನೆಯೂ ಇಲ್ಲ.

ಇಷ್ಟಕ್ಕೂ ಈ ಇಂಪ್ಲಾಂಟ್ ಮಾಡುವುದೇನು? ಶ್ರವಣ ಸಾಧನದಂತೆ ಇದು ಸದ್ದನ್ನು ದೊಡ್ಡದು ಮಾಡುವುದಿಲ್ಲ. ಕಿವಿಯ ಹಿಂದಿನ ಪ್ರೊಸೆಸರ್ ಸದ್ದನ್ನು ಸಂಕೇತವಾಗಿಸುತ್ತದೆ, ಚರ್ಮದಡಿಯ ಭಾಗ ಅದನ್ನು ಪಡೆದು ಒಳಗಿವಿಯ ಶಂಖದ ಸುರುಳಿಯಲ್ಲಿ ಕೂರಿಸಿದ ವಿದ್ಯುದ್ವಾರಗಳಿಗೆ ಕಳಿಸುತ್ತದೆ, ಅವು ಶ್ರವಣನರವನ್ನು ನೇರವಾಗಿ ತಟ್ಟುತ್ತವೆ. ಸುಮಾರು 15 ಸಾವಿರ ರೋಮಕೋಶಗಳು ಮಾಡುತ್ತಿದ್ದ ಕೆಲಸಕ್ಕೆ ಇಲ್ಲಿರುವುದು ಒಂದೆರಡು ಡಜನ್ ವಿದ್ಯುದ್ವಾರಗಳು. ಹಾಗಾಗಿ ಮೊದಮೊದಲು ಎಲ್ಲರ ದನಿಯೂ ಯಂತ್ರದ ದನಿ. ಮಿದುಳು ತಿಂಗಳುಗಟ್ಟಲೆ ಕೇಳಿ ಕೇಳಿ ಅದನ್ನು ಮಾತಾಗಿ ಓದಲು ಕಲಿಯುತ್ತದೆ. ಮೊದಲೇ ಬಾಯಿಗೆ ಬರುವ ಪಾಠವನ್ನು ಪುಸ್ತಕ ಹಿಡಿದು ಕೇಳುವುದು ಒಳ್ಳೆಯ ಅಭ್ಯಾಸ. ವಿಷ್ಣುಸಹಸ್ರನಾಮ ಕಂಠಸ್ಥ ಇರುವವರಿಗೆ ಇದಕ್ಕಿಂತ ಹದವಾದ ಪಠ್ಯ ಬೇರೆ ಬೇಕೆ?

1984ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಸಾಧನಕ್ಕೆ ಮೊದಲ ಒಪ್ಪಿಗೆ ಕೊಟ್ಟದ್ದು ದೊಡ್ಡವರಿಗೆ. ಮಕ್ಕಳ ಸರದಿ ಬಂದದ್ದು 1990ರಲ್ಲಿ. ನಮ್ಮಲ್ಲಿ ಸರ್ಕಾರದ ಹಣ ತದ್ವಿರುದ್ಧ ದಿಕ್ಕಿನಲ್ಲಿ ಹರಿಯಿತು. 2007ರಲ್ಲಿ ಅಖಂಡ ಆಂಧ್ರದಲ್ಲಿ ಶುರುವಾದ ಆರೋಗ್ಯಶ್ರೀ ಯೋಜನೆ ಕಿವುಡು ಮಕ್ಕಳಿಗೆ ಇಂಪ್ಲಾಂಟ್ ಹಾಕಿಸಿತು. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಅಡಿಪ್ ಯೋಜನೆ ಇಂಪ್ಲಾಂಟಿಗೆ ಕೊಡುವ ನೆರವೂ ಮಕ್ಕಳಿಗೇ. ಮಾತು ಕಲಿಯುವ ವಯಸ್ಸು ಮೀರಿದರೆ ಮಗುವಿಗೆ ಆಗುವ ನಷ್ಟ ತುಂಬಲಾರದ್ದು. ಈ ಆದ್ಯತೆ ತಪ್ಪಲ್ಲ. ಆದರೆ ಅದೇ ನಗರದಲ್ಲಿ ಕಣ್ಣಿನ ಪೊರೆ ತೆಗೆಸಿ ಕೃತಕ ಮಸೂರ ಹಾಕಿಸಿಕೊಳ್ಳುವ ಅಜ್ಜಿಗೆ ‘ಈ ವಯಸ್ಸಿಗೆ ಯಾಕೆ’ ಎಂದು ಯಾರೂ ಕೇಳುವುದಿಲ್ಲ. ಕಣ್ಣಿನದು ಅಗ್ಗ, ಕಿವಿಯದು ದುಬಾರಿ ಎಂಬುದನ್ನು ನೇರವಾಗಿ ಹೇಳಿದರೆ ಅದು ಪ್ರಾಮಾಣಿಕ ಮಾತು. ಅದಕ್ಕೆ ವೇದಾಂತದ ಶಾಲು ಹೊದಿಸಬೇಕಿಲ್ಲ.

ಫ್ರಾನ್ಸಿನ ಹತ್ತು ಕೇಂದ್ರಗಳಲ್ಲಿ ಇಂಪ್ಲಾಂಟ್ ಹಾಕಿಸಿಕೊಂಡ 65ರಿಂದ 85 ವರ್ಷದ 94 ಮಂದಿಯನ್ನು ಹಿಂಬಾಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಖಿನ್ನತೆ ಇಲ್ಲದವರ ಪ್ರಮಾಣ ಇಂಪ್ಲಾಂಟಿಗೆ ಮೊದಲು ಶೇ 59, ಒಂದು ವರ್ಷದ ನಂತರ ಶೇ 76. ನೆನಪು, ಗಮನದ ಪರೀಕ್ಷೆಗಳಲ್ಲಿ ತೀರ ಹಿಂದಿದ್ದವರಲ್ಲಿ ಹೆಚ್ಚಿನವರು ಸುಧಾರಿಸಿದ್ದರು. ಇಂಪ್ಲಾಂಟ್ ಇಲ್ಲದ ಗುಂಪಿನೊಡನೆ ಹೋಲಿಸಿದ ಅಧ್ಯಯನವಲ್ಲ ಅದು, ಹಾಗಾಗಿ ಪೂರ್ತಿ ಶ್ರೇಯಸ್ಸನ್ನು ಯಂತ್ರಕ್ಕೆ ಕೊಡಲಾಗದು. ಯಂತ್ರದ ಜೊತೆಗೆ ವಾರವಾರದ ತರಬೇತಿ ಬಂತು, ಎದುರು ಕೂತು ಮಾತಾಡಿಸುವವರು ಬಂದರು. ಅದೂ ಔಷಧವೇ ಇರಬಹುದು.

ಒಂದು ನಷ್ಟವನ್ನು ಮೊದಲೇ ಹೇಳಿಬಿಡಬೇಕು: ಸಂಗೀತ. ಮಾತನ್ನು ಚೆನ್ನಾಗಿ ದಾಟಿಸುವ ಈ ಸಾಧನಕ್ಕೆ ಶ್ರುತಿಯ ಸೂಕ್ಷ್ಮ ದಾಟಿಸುವುದು ಕಷ್ಟ. ಮಲ್ಕಾಜ್‌ಗಿರಿಯಿಂದ ರೈಲು ಹತ್ತಿ ಕಾಚಿಗುಡದಲ್ಲಿ ಇಳಿದರೆ ಅಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗ ಶಾಲೆಯಿದೆ. ತೆಲುಗು, ದಖನಿಗಳ ನಡುವೆ ಕನ್ನಡ ಕಿವಿಗೆ ಬೀಳುವ ತಾಣಗಳು. ಇಂಪ್ಲಾಂಟ್ ಹಾಕಿಸಿಕೊಂಡವರಿಗೆ ಭಾಷಣ ತಿಳಿಯುತ್ತದೆ, ದಾಸರ ಪದದ ಸಾಹಿತ್ಯವೂ ತಿಳಿಯಬಹುದು. ರಾಗ ಮಾತ್ರ ತಗಡಿನ ಮೇಲೆ ಗೀರಿದಂತೆ ಇರಬಹುದು.

ಸ್ನಾನಕ್ಕೆ ಹೋಗುವಾಗ, ಮಲಗುವಾಗ ಹೊರಗಿನ ಪ್ರೊಸೆಸರನ್ನು ಸಾಮಾನ್ಯವಾಗಿ ಕಳಚಿಡುತ್ತಾರೆ. ಕಳಚಿದೊಡನೆ ಬಹುತೇಕ ನಿಶ್ಶಬ್ದ. ಜಪಕ್ಕೆ ಕೂರುವಾಗಲೂ ಕಳಚಿಟ್ಟು ಕೂರಬಹುದು; ಈ ಸಲದ ಮೌನ ತಾವೇ ಎಳೆದುಕೊಂಡದ್ದು. ಜಪ ಮುಗಿದ ಮೇಲೆ ಪ್ರೊಸೆಸರಿನ ಸುರುಳಿಯನ್ನು ಕಿವಿಯ ಹಿಂದೆ ತಂದರೆ ಅಯಸ್ಕಾಂತ ಟಕ್ಕೆಂದು ಕಚ್ಚಿಕೊಳ್ಳುತ್ತದೆ, ಕುಕ್ಕರ್ ಕೂಗುತ್ತದೆ, ಮೌಲಾಲಿ ಕಡೆಯಿಂದ ಗೂಡ್ಸ್ ರೈಲು ಬರುತ್ತಿರುತ್ತದೆ.