ಹಸಿರು ಚುಕ್ಕೆ ತೆರೆದ ಬಾಗಿಲೇ?

ಕಚೇರಿಯ ಮೇಜಿನ ಮೇಲಿದ್ದ ಹಳೆಯ ದೂರವಾಣಿಗೆ ಕಣ್ಣಿರಲಿಲ್ಲ. ಆ ಕಡೆಯವರು ಊಟ ಮಾಡುತ್ತಿದ್ದಾರೆಯೇ, ನಮಾಝ್‌ನಲ್ಲಿದ್ದಾರೆಯೇ ಎಂಬುದು ಕರೆ ಮಾಡುವವನಿಗೆ ತಿಳಿಯುತ್ತಿರಲಿಲ್ಲ. ಈಗ ಮೈಕ್ರೋಸಾಫ್ಟ್ ಟೀಮ್ಸ್‌ನಂಥ ತಂತ್ರಾಂಶಗಳಲ್ಲಿ ಕರೆಗೆ ಮುಂಚೆಯೇ ಹೆಸರಿನ ಪಕ್ಕ ಒಂದು ಚುಕ್ಕೆ ಕಾಣುತ್ತದೆ. ಹಸಿರಾದರೆ ಲಭ್ಯ, ಕೆಂಪಾದರೆ ಕೆಲಸದಲ್ಲಿದ್ದಾರೆ, ಹಳದಿಯಾದರೆ ಸ್ಥಳದಲ್ಲಿಲ್ಲ. ಕರೆಯನ್ನು ಇನ್ನೊಬ್ಬರಿಗೆ ವರ್ಗಾಯಿಸಬಹುದು, ಧ್ವನಿಸಂದೇಶಕ್ಕೆ ಕಳುಹಿಸಬಹುದು. ಅನುಕೂಲದ ಬಗ್ಗೆ ತಕರಾರಿಲ್ಲ. ಆದರೆ ಒಬ್ಬ ವ್ಯಕ್ತಿ ಇದ್ದಾನೆ ಎಂದ ಮಾತ್ರಕ್ಕೆ ಅವನ ಅನುಮತಿ ಸಿಕ್ಕಂತಾಯಿತೇ?

ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದ 27 ಮತ್ತು 28ನೇ ವಚನಗಳು ಪರರ ಮನೆಯನ್ನು ಅನುಮತಿ ಪಡೆದು, ಸಲಾಮ್ ಹೇಳಿಯೇ ಪ್ರವೇಶಿಸಬೇಕೆನ್ನುತ್ತವೆ. ಹಿಂದಿರುಗಿ ಎಂದರೆ ಹಿಂದಿರುಗಬೇಕು. ಮನೆಯೊಡೆಯ ಕಾರಣ ಕೊಡಬೇಕೆಂದು ಅಲ್ಲಿ ಹೇಳಿಲ್ಲ ಎಂಬುದನ್ನು ಗಮನಿಸಬೇಕು. ಮೂರು ಬಾರಿ ಕೇಳಿಯೂ ಅನುಮತಿ ಸಿಗದಿದ್ದರೆ ಮರಳಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದರು. ಅದೇ ಅಧ್ಯಾಯದ 58ನೇ ವಚನ ಇನ್ನೂ ಮುಂದೆ ಹೋಗುತ್ತದೆ. ಫಜ್ರ್‌ಗೆ ಮುನ್ನ, ಮಧ್ಯಾಹ್ನದ ವಿಶ್ರಾಂತಿಯ ವೇಳೆ ಮತ್ತು ಇಶಾದ ಬಳಿಕ ಮನೆಯ ಆಳುಗಳೂ ಮಕ್ಕಳೂ ಕೂಡಾ ಕೇಳಿಯೇ ಒಳಬರಬೇಕು. ಹೊರಗಿನವರ ಮಾತು ಬಿಡಿ, ಒಳಗಿನವರಿಗೂ ಗೆರೆ ಇದೆ! ಚಳಿಗಾಲದಲ್ಲಿ ನ್ಯೂಯಾರ್ಕಿನ ಬೆಳಗ್ಗೆ 11 ಗಂಟೆ ಬೆಂಗಳೂರಿನ ರಾತ್ರಿ ಒಂಬತ್ತೂವರೆ. ಇಶಾ ಮುಗಿದು ಮಕ್ಕಳು ಮಲಗುವ ಹೊತ್ತಿಗೆ ಹಸಿರು ಚುಕ್ಕೆ ನೋಡಿ ಕರೆ ಬರುತ್ತದೆ.

ಹಿಂದೆ ಸಾಲಗಾರ ಫೋನ್ ಮಾಡಿದಾಗ ‘ಅಪ್ಪ ಮನೆಯಲ್ಲಿಲ್ಲ’ ಎಂದು ಮಕ್ಕಳಿಂದ ಹೇಳಿಸುತ್ತಿದ್ದರು. ಈಗ ಆ ಸುಳ್ಳನ್ನು ಬಣ್ಣ ಹೇಳುತ್ತದೆ. ‘ತೊಂದರೆ ಕೊಡಬೇಡಿ’ ಎಂಬ ಸೂಚನೆ ಹಾಕುವುದು ನನ್ನ ದೃಷ್ಟಿಯಲ್ಲಿ ಸುಳ್ಳಲ್ಲ, ಅದು ‘ಹಿಂದಿರುಗಿ’ ಎನ್ನುವ ಹಕ್ಕಿನ ಬಳಕೆ. ಆದರೆ ಇಲ್ಲದ ಸಭೆಯನ್ನು ಪಂಚಾಂಗದಲ್ಲಿ ಬರೆದು ಕೆಂಪಾಗುವುದು ಬೇರೆ. ಇನ್ನು ಚುಕ್ಕೆ ಹಳದಿಯಾಗದಂತೆ ಮೌಸ್ ಅಲುಗಾಡಿಸುವ ಸಾಧನಗಳೂ ಮಾರುಕಟ್ಟೆಯಲ್ಲಿವೆ. ಕೀಲಿಮಣೆ ಬಳಸುತ್ತಿರುವಂತೆ ತೋರಿಸಿಕೊಂಡರೆಂದು ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕ್ 2024ರಲ್ಲಿ ಹನ್ನೆರಡಕ್ಕೂ ಹೆಚ್ಚು ಮಂದಿಯನ್ನು ಕೆಲಸದಿಂದ ತೆಗೆಯಿತು. ದುಡಿಯದೆ ವೇತನ ಪಡೆಯುವುದು ಅಮಾನತ್ತಿಗೆ ಮಾಡುವ ದ್ರೋಹ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೌಕರನ ದುಡಿಮೆಯನ್ನು ಚುಕ್ಕೆಯ ಬಣ್ಣದಿಂದ ಅಳೆಯುವ ಧಣಿಯ ಕತೆಯೇನು? ಅಲ್‌ಹುಜುರಾತ್ ಅಧ್ಯಾಯ ಅತಿಯಾದ ಗುಮಾನಿಯನ್ನೂ ಗೂಢಚರ್ಯೆಯನ್ನೂ ನಿಷೇಧಿಸಿರುವುದು ಮನೆಗಳಿಗೆ ಮಾತ್ರ ಅನ್ವಯವೇ?

ಸಮಸ್ಯೆಯ ಬೇರು ಅಸಮಾನತೆಯಲ್ಲಿದೆ. ಮೇಲಧಿಕಾರಿ ಕಿರಿಯರ ಕರೆಯನ್ನು ಕತ್ತರಿಸಬಲ್ಲ, ಕಿರಿಯನಿಗೆ ಆ ಧೈರ್ಯವಿಲ್ಲ. ಕೆಲಸದ ಅವಧಿಯ ನಂತರ ಸಂಪರ್ಕ ಕಡಿದುಕೊಳ್ಳುವ ಹಕ್ಕಿನ ಕಾನೂನು ಫ್ರಾನ್ಸ್‌ನಲ್ಲಿ 2017ರ ಜನವರಿ 1ರಂದು ಜಾರಿಗೆ ಬಂತು. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆಯವರ 2018ರ ಖಾಸಗಿ ಮಸೂದೆ ಕಾನೂನಾಗಲಿಲ್ಲ. ‘ತೊಂದರೆ ಕೊಡಬೇಡಿ’ ಎಂದು ಹಾಕಿದ ಮೇಲೂ ಯಾರ ಕರೆ ಮಾತ್ರ ಒಳಬರಬೇಕೆಂದು ಆದ್ಯತೆಯ ಪಟ್ಟಿ ಮಾಡುವ ಸೌಲಭ್ಯ ಟೀಮ್ಸ್‌ನಲ್ಲಿದೆ. ಆ ಪಟ್ಟಿಯ ಮೊದಲ ಹೆಸರು ಯಾರದೆಂದು ನೌಕರನನ್ನು ಕೇಳಬೇಕಾಗಿಲ್ಲ.