ಓದು ಕಲಿಸುವಲ್ಲಿ ಪ್ರಮಾಣ ಮತ್ತು ಪ್ರಮಾದ

ನಮ್ಮ ಬಸದಿಯ ಪಾಠಶಾಲೆಗೆ ಬರುವ ಮೂರನೆಯ ತರಗತಿಯ ಬಾಲಕನೊಬ್ಬ ಕನ್ನಡ ಪಾಠವೊಂದನ್ನು ಸರಾಗವಾಗಿ ಒಪ್ಪಿಸಿದನು. ಅದೇ ಪಾಠದ ‘ಅಕ್ಕರೆ’ ಎಂಬ ಪದದ ಮೇಲೆ ಬೆರಳಿಟ್ಟು ಕೇಳಿದಾಗ ಮೌನವಾದನು. ಅವನು ಓದಿರಲಿಲ್ಲ, ಕಂಠಪಾಠ ಮಾಡಿದ್ದನು. ‘ಹುಡುಗ ಮಂದಬುದ್ಧಿ’ ಎಂದರು ಪಕ್ಕದಲ್ಲಿದ್ದವರು. ದೋಷವು ನಿಜವಾಗಿ ಯಾರದು?

2024ರ ‘ಅಸರ್’ ಸಮೀಕ್ಷೆಯಂತೆ ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳ ಮೂರನೆಯ ತರಗತಿಯಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ನೂರಕ್ಕೆ ಸುಮಾರು 23 ಮಕ್ಕಳು ಮಾತ್ರ. ಉಳಿದವರೆಲ್ಲರೂ ಮಂದಬುದ್ಧಿಗಳೆಂದು ವಿವೇಕಿಗಳಾರೂ ಹೇಳರು.

ವಸ್ತುವಿನ ಅರಿವಿಗೆ ಪ್ರಮಾಣ ಮತ್ತು ನಯಗಳೇ ಸಾಧನವೆಂದು ತತ್ತ್ವಾರ್ಥಸೂತ್ರವು ಬೋಧಿಸುತ್ತದೆ. ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ಆಪ್ತನನ್ನೇ ಪರೀಕ್ಷೆಗೆ ಒಳಪಡಿಸಿದರು. ಹೀಗಿರುವಾಗ ಬೋಧನಕ್ರಮವನ್ನು ಮಾತ್ರ ಪರೀಕ್ಷಿಸದೆ ಒಪ್ಪುವುದು ಹೇಗೆ? ಓದು ಕಲಿಸುವ ಬಗೆಯ ಸಂಶೋಧನೆಗಳನ್ನು ಪರಿಶೀಲಿಸಿದ ಅಮೆರಿಕದ ತಜ್ಞಮಂಡಳಿಯೊಂದು 2000ದಲ್ಲಿ ವರದಿ ನೀಡಿತು. ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧವನ್ನು ಕ್ರಮಬದ್ಧವಾಗಿ ಕಲಿಸಿದರೆ ಮಕ್ಕಳು ಚೆನ್ನಾಗಿ ಓದುತ್ತಾರೆ; ಅದರೊಡನೆ ನಿರರ್ಗಳತೆ, ಪದಸಂಪತ್ತು, ಅರ್ಥಗ್ರಹಣಗಳನ್ನೂ ಬೆಳೆಸಬೇಕು ಎಂಬುದು ಅದರ ಸಾರ.

‘ಅನೇಕಾಂತವಾದಿಗಳಾದ ನಮಗೆ ಎಲ್ಲ ಕ್ರಮಗಳೂ ಸರಿಯಲ್ಲವೇ?’ ಎಂದು ಕೆಲವರು ಕೇಳಬಹುದು. ಅನೇಕಾಂತವು ಎಲ್ಲವನ್ನೂ ಸಮವೆನ್ನುವುದಿಲ್ಲ. ಯಾವುದು ಯಾವ ಅಪೇಕ್ಷೆಯಿಂದ ಸತ್ಯವೆಂದು ವಿವೇಚಿಸುತ್ತದೆ. ಇಂಗ್ಲಿಷಿನ ಅಕ್ಷರಗಳು 26. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರಗಳು ಸೇರಿ ನೂರಾರು ರೂಪಗಳು. ಇವುಗಳ ಮೇಲೆ ಹಿಡಿತ ಬರಲು ಹಲವು ವರ್ಷಗಳೇ ಬೇಕೆಂದು ಸೋನಾಲಿ ನಾಗ್ ಅವರು ಕನ್ನಡದ ಮಕ್ಕಳನ್ನು ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿತು. ಆದ್ದರಿಂದ ಪರದೇಶದ ಕ್ರಮವನ್ನು ಹಾಗೆಯೇ ತರುವುದೂ ಏಕಾಂತವೇ. ಒಂದನೆಯ ತರಗತಿಯಲ್ಲಿ ವರ್ಣಮಾಲೆಯನ್ನು ಮುಗಿಸಿ ಕೈತೊಳೆದುಕೊಳ್ಳುವುದೂ ತಪ್ಪೇ.

ಇದನ್ನು ಭಾವೀ ಶಿಕ್ಷಕರಿಗೆ ಕಲಿಸುವವರು ಯಾರು? ತರಬೇತಿಯ ಅವಧಿಯಲ್ಲಿ ಅವರಲ್ಲಿ ಎಷ್ಟು ಮಂದಿ ಒಂದು ಮಗುವಿನ ಪಕ್ಕದಲ್ಲಿ ಕುಳಿತು, ಅದು ಎಲ್ಲಿ ಎಡವುತ್ತದೆ, ಏಕೆ ಎಡವುತ್ತದೆ ಎಂದು ಗಮನಿಸಿ ತಿದ್ದಿರುತ್ತಾರೆ? ತಾನು ಕಲಿಯದುದನ್ನು ಶಿಕ್ಷಕನು ಕಲಿಸಲಾರನು. ಆದುದರಿಂದ ಅವನೊಬ್ಬನನ್ನೇ ದೂಷಿಸುವುದು ನ್ಯಾಯವಲ್ಲ. ಹಿಂಸೆಯ ಮೂಲ ಪ್ರಮಾದವೆಂದೂ, ಅದು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆಯೆಂದೂ ಬಲ್ಲ ನಾವು ಲೆಕ್ಕವನ್ನು ಸರಿಯಾಗಿ ಬರೆಯಬೇಕು. ಮಗುವನ್ನು ದಡ್ಡನೆಂದು ಕುಗ್ಗಿಸುವುದು ಕೃತ. ಶಿಕ್ಷಕನನ್ನು ಸಿದ್ಧಗೊಳಿಸದೆ ಕಳುಹಿಸುವುದು ಕಾರಿತ. ಫಲವನ್ನು ವಿಚಾರಿಸದೆ ಶಾಲೆಗೆ ದಾನವಿತ್ತು ನಾಮಫಲಕ ಹಾಕಿಸಿಕೊಳ್ಳುವುದು ಅನುಮೋದನೆ. ಈ ಮೂರನೆಯ ಬಾಬಿನಲ್ಲಿ ನನ್ನ ಹೆಸರೂ ಇದೆ. ಅಂಗಡಿಯ ತೂಕದ ಬಟ್ಟುಗಳನ್ನು ಕಾಲಕಾಲಕ್ಕೆ ಪರೀಕ್ಷಿಸಿ ಮುದ್ರೆ ಹಾಕಿಸುವ ನಾನು, ಕೊಟ್ಟ ದಾನದಿಂದ ಒಂದು ಮಗುವಾದರೂ ಓದಲು ಕಲಿತಿತೇ ಎಂದು ಕೇಳಲಿಲ್ಲ.

ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಓದುವವರೇ ಇಲ್ಲದಿದ್ದರೆ ಶಾಸ್ತ್ರದಾನವು ಕಪಾಟಿಗೆ ಮಾಡಿದ ದಾನವಾಗುತ್ತದೆ. ಶಾಲೆಗಳನ್ನು ನಡೆಸುವ ನಮ್ಮ ಟ್ರಸ್ಟುಗಳು ಮುಂದಿನ ಕೊಠಡಿಯನ್ನು ಕಟ್ಟಿಸುವ ಮೊದಲು ಒಬ್ಬ ಶಿಕ್ಷಕನ ತರಬೇತಿಗೆ ಹಣ ಕೊಡಲಿ. ವರ್ಷಕ್ಕೊಮ್ಮೆ ಪ್ರತಿ ಮಗುವೂ ಹೊಸ ಪುಟವೊಂದನ್ನು ಓದುವುದನ್ನು ಕುಳಿತು ಕೇಳಲಿ. ಇದೂ ಸ್ವಾಧ್ಯಾಯದ ರಕ್ಷಣೆಯೇ.