ದಿವಾಳಿಯಾದವನು ಯಾರು?

ಕೆಲವು ವಾರಗಳ ಹಿಂದೆ, ಜುಮಾ ನಮಾಝ್ ಮುಗಿದ ಮೇಲೆ, ಹಿಟ್ನಾಳದ ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ನಾವು ನಾಲ್ಕಾರು ಮಂದಿ ಕುಳಿತಿದ್ದೆವು. ಕಾರ್ಖಾನೆಯೊಂದರಲ್ಲಿ ಗುತ್ತಿಗೆದಾರನ ಕೈಕೆಳಗೆ ದುಡಿಯುವ ಯುವಕನೊಬ್ಬ ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದ. ಅವನ ಪಗಾರದ ಚೀಟಿಯಲ್ಲಿ ಪ್ರತಿ ತಿಂಗಳೂ ಪಿ.ಎಫ್. ಕಡಿತವಾಗಿತ್ತು. ಆದರೆ ಪಿ.ಎಫ್. ಪಾಸ್‌ಬುಕ್ಕಿನಲ್ಲಿ ಏಳು ತಿಂಗಳಿಂದ ಒಂದು ಪೈಸೆಯೂ ಜಮೆಯಾಗಿರಲಿಲ್ಲ.

“ಇದು ನಿನ್ನೊಬ್ಬನ ಕಥೆಯಲ್ಲ. ವಿಮಾನ ಹಾರಿಸುವ ಪೈಲಟ್‌ಗಳಿಗೂ ಹೀಗೆಯೇ ಆಗಿದೆ” ಎಂದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನಕ್ಕುಬಿಟ್ಟರು: “ಹಜರತ್, ವಿಮಾನ ಹಾರಿಸೋರಿಗೆ ಲಕ್ಷಗಟ್ಟಲೆ ಪಗಾರ ಇರ್ತೈತಿ. ಅವರ ಪಗಾರ ನಿಂತ್ರ ನಾವ್ಯಾಕ ಮರುಗಬೇಕ್ರಿ? ಮರುಗೂದಿದ್ರ ಈ ಹುಡುಗನ ಸಲುವಾಗಿ ಮರುಗ್ರಿ, ಇಂವ ಬಡವ.”

ಎಲ್ಲರೂ ತಲೆದೂಗಿದರು. ನಾನೂ ಆ ಹೊತ್ತಿಗೆ ಸುಮ್ಮನಾದೆ. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಓದುಗರೇ, ದುಡಿದವನ ಕೂಲಿಯನ್ನು ನಾವು ಕೊಡುವುದು ಅವನು ಬಡವನೆಂದೋ, ಅಥವಾ ಅವನು ದುಡಿದನೆಂದೋ? ಈ ಪ್ರಶ್ನೆಗೆ ನಾವು ಕೊಡುವ ಉತ್ತರದ ಮೇಲೆ ನಮ್ಮ ಅಂಗಡಿ, ಹೊಲ, ಮದ್ರಸ, ಮಸೀದಿಗಳ ಲೆಕ್ಕಪುಸ್ತಕ ನಿಂತಿದೆ.

ಬೆಂಗಳೂರಿನ ವಿಮಾನ ಕಂಪನಿ

ಮೊದಲು ನಮ್ಮ ರಾಜ್ಯದಲ್ಲೇ ನಡೆದುದನ್ನು ನೋಡೋಣ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರ ಮೇ ತಿಂಗಳಲ್ಲಿ ಹಾರಾಟ ಆರಂಭಿಸಿತು. 2008ರಲ್ಲಿ ಏರ್ ಡೆಕ್ಕನ್ ಕಂಪನಿಯನ್ನೂ ತನ್ನೊಳಗೆ ಸೇರಿಸಿಕೊಂಡಿತು. ವೈಭವಕ್ಕೆ ಹೆಸರಾದ ಈ ಕಂಪನಿಯಲ್ಲಿ 2012ರ ಹೊತ್ತಿಗೆ ತಿಂಗಳುಗಟ್ಟಲೆ ವೇತನ ನಿಂತಿತು. ಪೈಲಟ್‌ಗಳು, ಎಂಜಿನಿಯರುಗಳು ಕೆಲಸಕ್ಕೆ ಹೋಗದೆ ಕುಳಿತರು. ಆ ವರ್ಷದ ಅಕ್ಟೋಬರ್ 20ರಂದು ಕಂಪನಿಯ ಪರವಾನಗಿ ಅಮಾನತುಗೊಂಡಿತು. ಅದೇ ತಿಂಗಳು ದೆಹಲಿಯಲ್ಲಿ ನೌಕರರೊಬ್ಬರ ಪತ್ನಿ ಮನೆಯ ಹಣದ ಸಂಕಟ ತಾಳಲಾರದೆ ಪ್ರಾಣ ಕಳೆದುಕೊಂಡರು. ನೌಕರರ ಸಂಬಳದಿಂದ ಆದಾಯ ತೆರಿಗೆಯೆಂದು ಕಡಿತ ಮಾಡಿದ ಹಣವೂ ಸರಕಾರಕ್ಕೆ ಸರಿಯಾಗಿ ಸಂದಾಯವಾಗಿರಲಿಲ್ಲ. 2016ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಕಂಪನಿಯನ್ನು ಮುಚ್ಚಿ ಆಸ್ತಿ ವಿಲೇವಾರಿ ಮಾಡಲು ಆಜ್ಞೆ ಹೊರಡಿಸಿತು. ನೌಕರರು ತಮ್ಮ ಬಾಕಿಗಾಗಿ ವರ್ಷಗಟ್ಟಲೆ ಬಾಗಿಲು ಕಾಯಬೇಕಾಯಿತು.

ಕಂಪನಿಯ ಒಡೆಯರಾಗಿದ್ದ ವಿಜಯ್ ಮಲ್ಯ 2016ರ ಮಾರ್ಚಿನಲ್ಲಿ ದೇಶ ಬಿಟ್ಟರು. ತಾವು ಸಾಲ ತೀರಿಸಲು ಮುಂದೆ ಬಂದಿದ್ದೆವೆಂದು ಅವರು ಹಲವು ಸಲ ಹೇಳಿದ್ದಾರೆ. ಅದರ ತೀರ್ಮಾನ ನ್ಯಾಯಾಲಯದ್ದು, ಕೊನೆಯದಾಗಿ ಅಲ್ಲಾಹನದು. ಒಬ್ಬ ವ್ಯಕ್ತಿಯನ್ನು ಚಹಾದಂಗಡಿಯಲ್ಲಿ ಕುಳಿತು ಹಳಿಯುವುದರಿಂದ ನಮಗೆ ಪುಣ್ಯವೇನೂ ಬರುವುದಿಲ್ಲ. ನಾವು ಪಾಠ ಕಲಿಯೋಣ.

ಇನ್ನೊಂದು ಪ್ರಕರಣ ಜೆಟ್ ಏರ್‌ವೇಸ್‌ನದು. 2019ರ ಏಪ್ರಿಲ್ 17ರಂದು ಅದರ ಹಾರಾಟ ನಿಂತಿತು. ಅಲ್ಲಿಯೂ ಪೈಲಟ್‌ಗಳಿಗೆ ಸಂಬಳ ಬಾಕಿ, ಭವಿಷ್ಯ ನಿಧಿ ಬಾಕಿ, ಗ್ರಾಚ್ಯುಟಿ ಬಾಕಿ. ಕಂಪನಿಯನ್ನು ವಹಿಸಿಕೊಳ್ಳಲು ಬಂದವರು ನೌಕರರ ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿಯನ್ನು ಕೊಡಲೇಬೇಕೆಂಬ ಆದೇಶವನ್ನು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2024ರ ನವೆಂಬರಿನಲ್ಲಿ ಅದೇ ನ್ಯಾಯಾಲಯ ಕಂಪನಿಯ ಆಸ್ತಿಯನ್ನೆಲ್ಲ ಮಾರಿ ಬಾಕಿ ಹಂಚಬೇಕೆಂದು ಆಜ್ಞಾಪಿಸಿತು. ಇಪ್ಪತ್ತು ವರ್ಷ ಆಕಾಶದಲ್ಲಿ ದುಡಿದವನು ನೆಲಕ್ಕಿಳಿದ ಮೇಲೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ದಾನವಲ್ಲ, ಹಕ್ಕು

ಈಗ ಆ ಹಿರಿಯರ ಮಾತಿಗೆ ಬರೋಣ. ಝಕಾತ್ ಕೊಡುವಾಗ ಪಡೆಯುವವನು ಬಡವನೇ ಎಂದು ನಾವು ವಿಚಾರಿಸಲೇಬೇಕು. ಏಕೆಂದರೆ ಝಕಾತ್ ನಿರ್ಗತಿಕನ ಪಾಲು. ಆದರೆ ಕೂಲಿ ಕೊಡುವಾಗ ಆ ವಿಚಾರಣೆಗೆ ಸ್ಥಳವೇ ಇಲ್ಲ. ಕೂಲಿಗೂ ಬಡತನಕ್ಕೂ ಸಂಬಂಧವಿಲ್ಲ, ಕೂಲಿಗೂ ಕೆಲಸಕ್ಕೂ ಮಾತ್ರ ಸಂಬಂಧ. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದಾಗ, ಯಾರ ಬೆವರು ಎಂದು ವಿಂಗಡಿಸಲಿಲ್ಲ. ಪ್ರಳಯ ದಿನದಂದು ಅಲ್ಲಾಹನು ಸ್ವತಃ ಎದುರುವಾದಿಯಾಗಿ ನಿಲ್ಲುವ ಮೂವರಲ್ಲಿ ಒಬ್ಬನು, ಕೆಲಸವನ್ನು ಪೂರ್ತಿ ಪಡೆದು ಕೂಲಿ ಕೊಡದವನು ಎಂದು ಸಹೀಹ್ ಬುಖಾರಿಯ ಹದೀಸ್‌ನಲ್ಲಿದೆ. ಯೋಚಿಸಿ ನೋಡಿ! ಆ ನ್ಯಾಯಾಲಯದಲ್ಲಿ ನ್ಯಾಯಾಧೀಶನೇ ದುಡಿದವನ ಪಕ್ಷ ವಹಿಸಿದರೆ ನಮ್ಮ ವಕಾಲತ್ತು ಯಾರು ವಹಿಸಬೇಕು?

“ಅವನಿಗೇನು ಕಡಿಮೆ?” ಎಂಬ ಮಾತು ಅನುಕಂಪದಂತೆ ಕೇಳುತ್ತದೆ. ನಿಜದಲ್ಲಿ ಅದು ಅನ್ಯಾಯಕ್ಕೆ ತೆರೆದ ಬಾಗಿಲು. ಇಂದು ಪೈಲಟ್‌ನ ವಿಷಯದಲ್ಲಿ ಆ ಮಾತನ್ನು ಒಪ್ಪಿದವರು ನಾಳೆ ಮೇಸ್ತ್ರಿಯ ವಿಷಯದಲ್ಲಿ ಒಪ್ಪುತ್ತಾರೆ: “ಅವನ ಮಗ ದುಬೈಯಲ್ಲಿದ್ದಾನೆ, ಒಂದು ತಿಂಗಳು ತಡವಾದರೆ ಏನಾಯಿತು?” ನಾಳಿದ್ದು ಮನೆಗೆಲಸದ ಹೆಣ್ಣುಮಗಳ ವಿಷಯದಲ್ಲಿ: “ಅವಳಿಗೆ ರೇಷನ್ ಅಕ್ಕಿ ಬರುತ್ತದಲ್ಲ?” ಹಕ್ಕನ್ನು ದಾನವಾಗಿ ಮಾಡಿಬಿಟ್ಟರೆ, ಕೊಡುವವನು ದಾನಿಯಾಗುತ್ತಾನೆ, ಪಡೆಯಬೇಕಾದವನು ಕೈಯೊಡ್ಡುವವನಾಗುತ್ತಾನೆ. ಇದಕ್ಕಿಂತ ದೊಡ್ಡ ತಲೆಕೆಳಗು ಇನ್ನೇನಿದೆ?

ಸಾಲ ಬೇರೆ, ಅಮಾನತ್ತು ಬೇರೆ

“ಒಡೆಯನಿಗೆ ನಿಜವಾಗಿಯೂ ನಷ್ಟವಾದರೆ ಏನು ಮಾಡಬೇಕು?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಸ್ಲಾಮ್ ಸೋತವನ ಕುತ್ತಿಗೆ ಹಿಸುಕುವ ಧರ್ಮವಲ್ಲ. ಸಾಲಗಾರನು ಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಕಾಯಿರಿ, ಬಿಟ್ಟುಕೊಟ್ಟರೆ ಇನ್ನೂ ಉತ್ತಮ ಎಂಬ ಆದೇಶ ಸೂರಃ ಅಲ್-ಬಕರದಲ್ಲಿದೆ. ಆದರೆ ಕೊಡುವ ಶಕ್ತಿಯಿದ್ದೂ ಮುಂದೂಡುವುದು ಅಕ್ರಮವೆಂದು ಪ್ರವಾದಿವರ್ಯರು(ಸ) ಹೇಳಿದ್ದಾರೆ. ಸೋಲು ಪಾಪವಲ್ಲ. ಸೋಲುವಾಗ ಯಾರ ಪಾಲನ್ನು ಮೊದಲು ಮುಳುಗಿಸಿದೆ ಎಂಬುದರ ವಿಚಾರಣೆಯಾಗುತ್ತದೆ.

ಭವಿಷ್ಯ ನಿಧಿಯ ವಿಷಯ ಇನ್ನೂ ಸೂಕ್ಷ್ಮವಾದುದು. ನೌಕರನ ಮೂಲ ವೇತನ ಮತ್ತು ತುಟ್ಟಿಭತ್ಯೆಯಿಂದ ಸಾಮಾನ್ಯವಾಗಿ ನೂರಕ್ಕೆ 12ರಷ್ಟು ಕಡಿತವಾಗುತ್ತದೆ, ಒಡೆಯನೂ ಅಷ್ಟೇ ಸೇರಿಸಬೇಕು. ಇದರಲ್ಲಿ ನೌಕರನಿಂದ ಕಡಿತವಾದ ಭಾಗ ಕೂಲಿಯೆಂದು ಲೆಕ್ಕ ಹಾಕಿ, ಅವನ ಮುಪ್ಪಿಗೆಂದು ತೆಗೆದಿಟ್ಟ ಹಣ. ಅದು ಒಡೆಯನ ಕೈಯಲ್ಲಿರುವುದು ದಾರಿಯಲ್ಲಿ ಮಾತ್ರ. ಅದನ್ನು ತನ್ನ ಡೀಸೆಲ್ಲಿಗೋ ಬಾಡಿಗೆಗೋ ಬಳಸಿದವನು ಸಾಲ ಮಾಡಿದವನಲ್ಲ, ಅಮಾನತ್ತಿನಲ್ಲಿ ದ್ರೋಹ ಮಾಡಿದವನು. ಸಾಲ ಕೊಟ್ಟವನಿಗೆ ತಾನು ಕೊಟ್ಟೆನೆಂದು ಗೊತ್ತಿರುತ್ತದೆ. ಇಲ್ಲಿ ಕಳೆದುಕೊಂಡವನಿಗೆ ಸುದ್ದಿಯೇ ಇಲ್ಲ, ಚೀಟಿಯಲ್ಲಿ ಎಲ್ಲವೂ ಸರಿಯಾಗಿದೆ.

ನಮ್ಮ ದೇಶದ ಕಾನೂನೂ ಇದನ್ನು ಹೀಗೆಯೇ ಕಂಡಿದೆ. ಕಡಿತ ಮಾಡಿದ ಪಿ.ಎಫ್. ಹಣವನ್ನು ಕಟ್ಟದಿರುವುದನ್ನು ಅದು ವಿಶ್ವಾಸದ್ರೋಹದ ಅಪರಾಧವೆಂದು ಎಣಿಸುತ್ತದೆ. 2016ರ ದಿವಾಳಿ ಕಾಯ್ದೆಯು ನೌಕರರಿಗೆ ಸಲ್ಲಬೇಕಾದ ಭವಿಷ್ಯ ನಿಧಿ, ಪಿಂಚಣಿ ನಿಧಿ ಮತ್ತು ಗ್ರಾಚ್ಯುಟಿ ನಿಧಿಯ ಹಣವನ್ನು ಮುಳುಗಿದ ಕಂಪನಿಯ ಆಸ್ತಿಯೊಳಗೆ ಸೇರಿಸದೆ ಹೊರಗಿಡುತ್ತದೆ. ಅಂದರೆ ಒಡೆಯನ ಮನೆ ಹರಾಜಾದರೂ ಅಲ್ಲಿಟ್ಟಿದ್ದ ನೆರೆಯವನ ಪಾತ್ರೆ ಹರಾಜಾಗಬಾರದು. (ಪಿ.ಎಫ್. ಹಣಕ್ಕೆ ಸೇರುವ ಬಡ್ಡಿಯ ಬಗ್ಗೆ ನಿಮಗೆ ಸಂಶಯವಿದ್ದರೆ ಬಲ್ಲ ಉಲಮಾಗಳನ್ನು ಕೇಳಿ. ಅಸಲು ದುಡಿದವನದೆಂಬುದರಲ್ಲಿ ಸಂಶಯವಿಲ್ಲ.)

ಗುಹೆಯಲ್ಲಿ ಸಿಕ್ಕಿಬಿದ್ದ ಮೂವರ ಕಥೆ ನಿಮಗೆ ಗೊತ್ತಿದೆ. ಬಂಡೆ ಉರುಳಿ ಬಾಯಿ ಮುಚ್ಚಿದಾಗ ಪ್ರತಿಯೊಬ್ಬನೂ ತನ್ನ ಒಂದು ಸತ್ಕರ್ಮವನ್ನು ಮುಂದಿಟ್ಟು ಪ್ರಾರ್ಥಿಸಿದ. ಮೂರನೆಯವನ ಸತ್ಕರ್ಮ ಯಾವುದು? ಒಬ್ಬ ಕೂಲಿಯವನು ತನ್ನ ಕೂಲಿಯನ್ನು ಬಿಟ್ಟು ಹೊರಟುಹೋಗಿದ್ದ. ಇವನು ಅದನ್ನು ನುಂಗಲಿಲ್ಲ, ಬೆಳೆಸಿದ. ವರ್ಷಗಳ ಮೇಲೆ ಕೂಲಿಯವನು ಬಂದು ಕೇಳಿದಾಗ, ಕಣ್ಣೆದುರಿನ ಜಾನುವಾರು ಹಿಂಡನ್ನೆಲ್ಲ ತೋರಿಸಿ, ಇದು ನಿನ್ನದೇ ಎಂದ. ಕೂಲಿಯವನಿಗೆ ಅದು ಅಪಹಾಸ್ಯವೆನಿಸಿತು. ಅಪಹಾಸ್ಯವಾಗಿರಲಿಲ್ಲ. ಅವನು ಒಂದನ್ನೂ ಬಿಡದೆ ಹೊಡೆದುಕೊಂಡು ಹೋದ. ನೌಕರನ ಇಂದಿನ ಕೂಲಿಯನ್ನು ಅವನ ನಾಳೆಗಾಗಿ ಕಾಯ್ದಿಡುವುದೆಂದರೆ ಇದೇ ಅಲ್ಲವೇ? ಬಂಡೆಯನ್ನು ಸರಿಸಿದ ಕರ್ಮಗಳ ಸಾಲಿನಲ್ಲಿ ಅದೂ ಒಂದಾಯಿತು.

ಸಮುದ್ರದಾಚೆ

ವಿದೇಶಕ್ಕೆ ಹೋದ ನಮ್ಮವರ ಗತಿಯನ್ನೂ ನೋಡಿ. 2016ರಲ್ಲಿ ಜಿದ್ದಾದಲ್ಲಿ ಸೌದಿ ಓಜರ್ ಕಂಪನಿಯ ಸಾವಿರಾರು ಭಾರತೀಯ ಕಾರ್ಮಿಕರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಊಟಕ್ಕೂ ಪರದಾಡಿದರು. ಭಾರತದ ದೂತಾವಾಸ ಕಚೇರಿಯೇ ಅವರಿಗೆ ಆಹಾರ ತಲುಪಿಸಬೇಕಾಯಿತು. ಅದು ಪವಿತ್ರ ಮಕ್ಕಾಕ್ಕೆ ಹೋಗುವ ಯಾತ್ರಿಕರು ಬಂದಿಳಿಯುವ ಊರು ಎಂಬುದನ್ನು ನೆನೆದರೆ ತಲೆ ತಗ್ಗುತ್ತದೆ. ಮುಸ್ಲಿಮ್ ನಾಡು ಎಂಬ ಹೆಸರೊಂದೇ ಯಾರ ಹಕ್ಕನ್ನೂ ಕಾಯುವುದಿಲ್ಲ. 2020ರ ಕೊರೋನಾ ಕಾಲದಲ್ಲಿ ಗಲ್ಫ್‌ನಿಂದ ಮರಳಿದವರಲ್ಲಿ ಅನೇಕರು ವರ್ಷಗಳ ದುಡಿಮೆಯ ಬಾಕಿಯನ್ನು ಅಲ್ಲಿಯೇ ಬಿಟ್ಟು ವಿಮಾನ ಹತ್ತಿದರು. ಯು.ಎ.ಇ.ಯ ಕಾನೂನಿನಲ್ಲಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಆಮೇಲಿನ ವರ್ಷಗಳಿಗೆ 30 ದಿನಗಳ ಮೂಲ ವೇತನ ಸೇವಾಂತ್ಯದಲ್ಲಿ ಸಿಗಬೇಕು. ಇದನ್ನು ತಿಳಿಯದೆ ತೋರಿಸಿದ ಕಾಗದಕ್ಕೆ ಸಹಿ ಹಾಕಿ ಬಂದವರು ಎಷ್ಟು ಮಂದಿಯೋ! ಮಗನನ್ನು ಕಳಿಸುವ ತಾಯಂದಿರೇ, ಉಪ್ಪಿನಕಾಯಿಯ ಜೊತೆಗೆ ಕರಾರುಪತ್ರದ ಒಂದು ಪ್ರತಿಯನ್ನೂ ಅವನ ಪೆಟ್ಟಿಗೆಯಲ್ಲಿಡಿ.

ನಮ್ಮ ಲೆಕ್ಕಪುಸ್ತಕ

ಇಷ್ಟನ್ನು ಬರೆಯುವಾಗ ನನ್ನ ಕೈ ನಡುಗುತ್ತದೆ. ನಾನು ಹಿಂದೆ ಕಲಿಸುತ್ತಿದ್ದ ಬೇರೊಂದು ಊರಿನಲ್ಲಿ ಮಸೀದಿಯ ಲೆಕ್ಕ ಬರೆಯುವ ಕೆಲಸ ನನ್ನದಾಗಿತ್ತು. ಅಲ್ಲಿನ ಮುಅದ್ದಿನ್ ಸಾಹೇಬರಿಗೆ ಒಮ್ಮೆ ಮೂರು ತಿಂಗಳ ವೇತನ ನಿಂತಿತು. ಅದೇ ಮೂರು ತಿಂಗಳಲ್ಲಿ ಮಿನಾರಕ್ಕೆ ಬಣ್ಣ ಬಂತು, ದೀಪಗಳ ಸರ ಬಂತು. ಆ ಖರ್ಚನ್ನೆಲ್ಲ ನಾನೇ ನನ್ನ ಕೈಯಾರೆ ಬರೆದೆ, ಸಮಿತಿಯ ಮುಂದೆ ಒಂದು ಮಾತೂ ಆಡಲಿಲ್ಲ. ಆ ಹಿರಿಯರು ದೂರಲಿಲ್ಲ. ಒಂದು ದಿನ ಮಿನಾರವನ್ನು ನೋಡುತ್ತಾ, “ಬಣ್ಣ ಚಲೋ ಬಂದೈತಿ ಮಾಸ್ತರ್” ಎಂದರು, ಅಷ್ಟೇ. ಎರಡು ತಿಂಗಳ ಹಣ ಮುಂದೆ ಸಂದಾಯವಾಯಿತು. ಒಂದು ತಿಂಗಳದು ಉಳಿದೇ ಹೋಯಿತು. ಅವರು ಊರು ಬಿಟ್ಟರು. ನಾನು ಹುಡುಕಿ ಹೋಗುವಷ್ಟರಲ್ಲಿ ಈ ಲೋಕವನ್ನೇ ಬಿಟ್ಟಿದ್ದರು. ಆ ಹಣವನ್ನು ಅವರ ಮಕ್ಕಳಿಗೆ ತಲುಪಿಸಿ ಬಂದೆ. ಆದರೆ ಅಂದು ಅವರ ಮನೆಯ ಒಲೆ ಹೇಗೆ ಉರಿಯಿತು ಎಂಬುದರ ಲೆಕ್ಕವನ್ನು ಯಾರಿಗೆ ಕೊಡಲಿ?

ಪೈಲಟ್‌ನ ಪಿ.ಎಫ್. ನುಂಗಿದವರ ಬಗ್ಗೆ ನಾವು ರೇಗುತ್ತೇವೆ. ಮದ್ರಸದ ಉಸ್ತಾದರಿಗೆ, ಅಂಗಡಿಯ ಹುಡುಗನಿಗೆ, ಭತ್ತದ ಗದ್ದೆಯಲ್ಲಿ ನಾಟಿ ಮಾಡಿದ ಹೆಣ್ಣುಮಕ್ಕಳಿಗೆ “ನಾಳೆ ಬಾ” ಎನ್ನುತ್ತೇವೆ. ಎರಡರ ನಡುವೆ ಮೊತ್ತದ ವ್ಯತ್ಯಾಸವಿದೆ, ಜಾತಿಯ ವ್ಯತ್ಯಾಸವಿಲ್ಲ.

ದುಡಿಯುವವರಿಗೂ ಒಂದು ಮಾತು. ಒಡೆಯನು ದ್ರೋಹ ಮಾಡಿದನೆಂದು ನಾವು ದ್ರೋಹ ಮಾಡಬಾರದು. ಸಂಬಳ ಸಿಗದ ಪೈಲಟ್ ಹಾರುವುದಿಲ್ಲವೆಂದು ಹೇಳಬಹುದು. ಹಾರಿದ ಮೇಲೆ ಪ್ರಯಾಣಿಕರ ಪ್ರಾಣದಲ್ಲಿ ಅಜಾಗ್ರತೆ ತೋರಬಾರದು, ಅದೂ ಅಮಾನತ್ತು. ಹಾಗೆಂದು ಮೌನವಾಗಿರುವುದನ್ನು ಸಬ್ರ್ ಎಂದು ಕರೆಯಬೇಡಿ. ಪ್ರತಿ ತಿಂಗಳು ಪಾಸ್‌ಬುಕ್ ನೋಡಿ, ಪಗಾರದ ಚೀಟಿಗಳನ್ನು ಕಾದಿಡಿ, ಹಣ ಕಟ್ಟದಿದ್ದರೆ ಲಿಖಿತವಾಗಿ ದೂರು ಕೊಡಿ. ಹಕ್ಕನ್ನು ಕೇಳುವುದು ಭಿಕ್ಷೆಯಲ್ಲ, ಜಗಳವೂ ಅಲ್ಲ. ಹಾಗೆ ಕೇಳುವುದರಿಂದ ಒಡೆಯನೂ ಒಂದು ಪಾಪದಿಂದ ಉಳಿಯುತ್ತಾನೆ.

ದಿವಾಳಿಯಾದವನು ಯಾರೆಂದು ಪ್ರವಾದಿವರ್ಯರು(ಸ) ಒಮ್ಮೆ ಸಹಾಬಿಗಳನ್ನು ಕೇಳಿದರು. ಹಣವೂ ಸರಕೂ ಇಲ್ಲದವನು ಎಂದು ಅವರು ಉತ್ತರಿಸಿದರು. ಇಂದಿನ ಕಾನೂನೂ ಅದನ್ನೇ ಹೇಳುತ್ತದೆ. ಆದರೆ ಪ್ರವಾದಿವರ್ಯರು(ಸ) ತೋರಿಸಿದ ದಿವಾಳಿ ಬೇರೆ. ಅವನು ನಮಾಝ್, ಉಪವಾಸ, ಝಕಾತ್‌ಗಳ ರಾಶಿಯೊಂದಿಗೆ ಬರುತ್ತಾನೆ. ಯಾರನ್ನೋ ಬೈದಿದ್ದಾನೆ, ಯಾರದೋ ಹಣ ತಿಂದಿದ್ದಾನೆ. ಒಬ್ಬೊಬ್ಬರೇ ಬಂದು ಅವನ ಪುಣ್ಯವನ್ನು ಬಾಕಿಯ ಬದಲಿಗೆ ಒಯ್ಯುತ್ತಾರೆ. ಪುಣ್ಯ ಮುಗಿದ ಮೇಲೆ ತಮ್ಮ ಪಾಪಗಳನ್ನು ಅವನ ತಲೆಗೆ ಹೊರಿಸುತ್ತಾರೆ. ಅಲ್ಲಿ ಮೇಲ್ಮನವಿ ಇಲ್ಲ, ಓಡಿಹೋಗಲು ಬೇರೆ ದೇಶವಿಲ್ಲ.

ಚಹಾದಂಗಡಿಯ ಹಿರಿಯರನ್ನು ಮುಂದಿನ ಶುಕ್ರವಾರ ಮತ್ತೆ ಕಂಡೆ. ಅವರಿಗೆ ಭತ್ತದ ಗದ್ದೆಯಿದೆ. ನಾನು ಉಪದೇಶ ಮಾಡಲಿಲ್ಲ, ಆ ದಿವಾಳಿಯ ಹದೀಸನ್ನು ಮಾತ್ರ ಹೇಳಿದೆ. ಸ್ವಲ್ಪ ಹೊತ್ತು ಚಹಾದ ಬಟ್ಟಲನ್ನು ತಿರುವುತ್ತಾ ಕುಳಿತು ಎದ್ದರು. “ನಾಟಿ ಮಾಡಿದವರದು ಎರಡು ದಿನದ ಕೂಲಿ ಉಳದೈತಿ. ಕೊಟ್ಟು ಬರ್ತೀನಿ” ಎಂದರು.

ಓದುಗರೇ, ಈ ಪತ್ರಿಕೆಯನ್ನು ಮಡಚಿಡುವ ಮೊದಲು ನೀವೂ ಒಮ್ಮೆ ನೆನಪಿಸಿಕೊಳ್ಳಿ: ಯಾರ ಎರಡು ದಿನದ ಕೂಲಿ ನಿಮ್ಮಲ್ಲಿ ಉಳಿದಿದೆ? ಅವರು ಬದುಕಿದ್ದರೆ ಅವರಿಗೆ, ತೀರಿಕೊಂಡಿದ್ದರೆ ಅವರ ವಾರಸುದಾರರಿಗೆ ತಲುಪಿಸಿ. ಇಂದೇ ತಲುಪಿಸಿ. ಯಾರ ಬಾಕಿಯನ್ನೂ ಹೊತ್ತುಕೊಳ್ಳದೆ ತನ್ನ ಬಳಿಗೆ ಬರುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.